ನರಾಚಿಯ ಕಾಳಿಯೂ ಮಾರಿಕುಪ್ಪದ ಮನುಷ್ಯರೂ



2018ರ ಡಿಸೆಂಬರಿನಲ್ಲಿ ಮೊದಲನೆಯ ಭಾಗವಾಗಿಯೂ 2022ರ ಏಪ್ರಿಲಿನಲ್ಲಿ ಎರಡನೆಯ ಭಾಗವಾಗಿಯೂ ತೆರೆಕಂಡ ‘ಕೆ.ಜಿ.ಎಫ್.’ ಎಂಬ ಕನ್ನಡ ಚಲನಚಿತ್ರವನ್ನು ನೀವು ನೋಡಿರಬಹುದು. ನೋಡದಿದ್ದರೂ ಮನೆಯ ಮಕ್ಕಳ ಬಾಯಲ್ಲಿ ಅದರ ಹೆಸರನ್ನು ಕೇಳಿಯೇ ಇರುತ್ತೀರಿ. ಪ್ರಶಾಂತ್ ನೀಲ್ ನಿರ್ದೇಶಿಸಿ ಯಶ್ ನಟಿಸಿದ ಆ ಚಿತ್ರವು ಕನ್ನಡದ ಗಡಿಯನ್ನು ದಾಟಿ ದೇಶದ ತುಂಬ ಓಡಿತು. ಓಡಿದ್ದರ ಬಗ್ಗೆ ನಮಗೆ ತಕರಾರಿಲ್ಲ. ಅಭಿಮಾನಿಗಳು ಅದಕ್ಕೆ ಹೊಸೆಯುತ್ತಿರುವ ಧಾರ್ಮಿಕ ಭಾಷ್ಯದ ಬಗ್ಗೆ ಮಾತ್ರ ತಕರಾರಿದೆ.

ಆ ಭಾಷ್ಯವನ್ನು ಮೊದಲು ನ್ಯಾಯವಾಗಿ ಮುಂದಿಡೋಣ. ಪೂರ್ವಪಕ್ಷವನ್ನು ಸರಿಯಾಗಿ ಹೇಳದೆ ಖಂಡಿಸುವುದು ವಿದ್ವಾಂಸರ ಲಕ್ಷಣವಲ್ಲ. ನಾಯಕನ ಪೂರ್ಣನಾಮ ರಾಜಾ ಕೃಷ್ಣಪ್ಪ ಬೈರ್ಯ. ಆದುದರಿಂದ ಅವನು ಕೃಷ್ಣಾಂಶ ಎನ್ನುವವರುಂಟು. ಅವನ ತಾಯಿಯೇ ಶಕ್ತಿ, ನರಾಚಿಯೆಂಬ ಗಣಿಯೇ ಪಾತಾಳ, ದೇವಿಯ ಮುಂದೆ ಬಲಿ ಕೊಡಲು ನಿಂತ ಗರುಡನೆಂಬ ಖಳನನ್ನು ಅಲ್ಲಿಯೇ ಕೊಲ್ಲುವುದು ಧರ್ಮಸಂಸ್ಥಾಪನೆ ಎಂದು ಅರ್ಥಯಿಸುವವರೂ ಉಂಟು. ಕೇಳಲು ಇಂಪಾಗಿದೆ. ಆದರೆ ನಿಲ್ಲುತ್ತದೆಯೆ? ಗರುಡನು ವಿಷ್ಣುವಿನ ವಾಹನ. ಕೃಷ್ಣಾಂಶನು ತನ್ನ ವಾಹನದ ತಲೆಯನ್ನೇ ಕಡಿದನೆಂದಾಯಿತು! ಹೀಗೆಂದರೆ ಕೂಡಲೆ, ಇಲ್ಲ, ‘ಬೈರ್ಯ’ ಎಂಬುದರಲ್ಲಿ ಭೈರವನಿದ್ದಾನೆ ಎಂದು ದಾರಿ ಬದಲಿಸಬಹುದು. ಅನನುಕೂಲವಾದಾಗಲೆಲ್ಲ ಬದಲಾಗುವ ಅರ್ಥವು ಸಂಕೇತವಲ್ಲ, ಚಮತ್ಕಾರ.

ಗೂಢಾರ್ಥವನ್ನು ಬಿಡಿಸುವ ವಿದ್ಯೆ ಕನ್ನಡನಾಡಿಗೆ ಹೊಸದಲ್ಲ. ಬೆಡಗಿನ ವಚನಗಳಿಗೆ ನಮ್ಮ ಹಿರಿಯರು ಟೀಕೆಗಳನ್ನು ಬರೆದರು. ಅಲ್ಲಿ ಒಂದು ಪದಕ್ಕೆ ಹೇಳಿದ ಅರ್ಥವು ಇಡೀ ವಚನದೊಡನೆ ಹೊಂದಬೇಕು, ಕಡೆಗೆ ಓದಿದವನ ನಡೆಯನ್ನು ತಿದ್ದಬೇಕು. ಮೀಮಾಂಸಕರಾದರೋ ಒಂದು ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸಲು ಆರು ಗುರುತುಗಳನ್ನು ಹೇಳಿದರು: ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ. ಇವುಗಳಲ್ಲಿ ಎರಡನ್ನೇ ಈ ಚಿತ್ರಕ್ಕೆ ಹಚ್ಚಿ ನೋಡಿರಿ.

ಉಪಕ್ರಮವೇನು? ಬಡತನದಲ್ಲಿ ಸಾಯುವ ತಾಯಿ, ಸಾಯುವಾಗ ಸಿರಿವಂತನಾಗಿ ಬಲಶಾಲಿಯಾಗಿ ಸಾಯಬೇಕೆಂದು ಮಗನಿಂದ ಪಡೆದ ಮಾತು. ಉಪಸಂಹಾರವೇನು? ಎರಡನೆಯ ಭಾಗದ ಕೊನೆಯಲ್ಲಿ ರಾಶಿ ಬಂಗಾರದೊಡನೆ ಅವನ ಹಡಗು ಸಮುದ್ರದಲ್ಲಿ ಮುಳುಗುವುದು. ಅಭ್ಯಾಸವೇನು, ಎಂದರೆ ಮತ್ತೆ ಮತ್ತೆ ಬರುವುದೇನು? ತಾಯಿಯ ಮಾತು, ಬಂಗಾರ, ಹೊಡೆದಾಟ. ಕಾಳಿಯಲ್ಲ. ಹಾಗಾದರೆ ಕಥೆಯ ತಾತ್ಪರ್ಯವು ಮೇಲೆಯೇ ಇದೆ: ಹೊನ್ನಿನ ಆಸೆ ಹೊತ್ತವನು ಹೊನ್ನಿನೊಡನೆಯೇ ಮುಳುಗಿದ. ಇದನ್ನು ಕಾಣದೆ, ನಾಯಕ ಬದುಕಿರುವನೆ, ಮೂರನೆಯ ಭಾಗದಲ್ಲಿ ಏಳುವನೆ ಎಂದು ಊಹಿಸುತ್ತ ಕೂರುವುದು ಬೀಜವನ್ನು ಬಿಸುಟು ಸಿಪ್ಪೆಯನ್ನು ಪೂಜಿಸಿದಂತೆ.

ಇನ್ನು ಕಾಳಿಯ ಪ್ರತಿಮೆ, ಪಂಜು, ನಗಾರಿ, ಬಲಿಪೀಠ. ಇವು ಜನಪ್ರಿಯ ಚಿತ್ರಗಳ ಹಳೆಯ ಸಾಮಗ್ರಿಗಳು. ವೇಷ ಮರೆಸಿ ಬರುವ ನಾಯಕನಿಗೆ ಜನಜಂಗುಳಿ ಬೇಕು, ಸದ್ದು ಬೇಕು, ಬೆಂಕಿಯ ಬೆಳಕು ಬೇಕು. ಜಾತ್ರೆಯು ಮೂರನ್ನೂ ಒದಗಿಸುತ್ತದೆ. ತಾಯಿಗಾಗಿ ಸಿಡಿದೇಳುವ ಕಳ್ಳಸಾಗಣೆಯ ತರುಣನನ್ನು ‘ದೀವಾರ್’ 1975ರಲ್ಲಿಯೇ ತೋರಿಸಿತ್ತು. ಕಸುಬಿನ ಅನುಕೂಲಕ್ಕೆ ಬಂದುದನ್ನು ತತ್ತ್ವವೆಂದು ಭ್ರಮಿಸುವುದರಿಂದ ಕಸುಬಿಗೂ ಗೌರವವಿಲ್ಲ, ತತ್ತ್ವಕ್ಕೂ ಗೌರವವಿಲ್ಲ.

‘ಮನರಂಜನೆಯಷ್ಟೆ, ಮಕ್ಕಳು ಊಹಿಸಿಕೊಳ್ಳಲಿ, ಸ್ವಾಮಿಗಳಿಗೇಕೆ ಇದರ ಗೊಡವೆ?’ ಎಂದು ನೀವು ಕೇಳಬಹುದು. ಗೊಡವೆ ಏಕೆಂದರೆ, ನರಾಚಿ ಕಲ್ಪಿತವಾದರೂ ಕೋಲಾರದ ಚಿನ್ನದ ಗಣಿ ಕಲ್ಪಿತವಲ್ಲ. ಚಿತ್ರದಲ್ಲಿ ಬಂಗಾರ ಸಿಕ್ಕುವುದು 1951ರಲ್ಲಿ. ಆದರೆ ಜಾನ್ ಟೇಲರ್ ಕಂಪನಿಯವರು ಇಲ್ಲಿ ಅಗೆಯಲು ತೊಡಗಿದ್ದು 1880ರ ಸುಮಾರಿಗೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಇಲ್ಲಿಗೆ ಹರಿದು ಬಂದಿತ್ತು. ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರನ್ನು ದಾಟಿತು. ಬಂಡೆ ಸಿಡಿದು ಸತ್ತವರು, ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಗಟ್ಟಿಯಾಗಿ ಸತ್ತವರು ಎಷ್ಟೋ ಮಂದಿ. ಒಟ್ಟು ಸುಮಾರು 800 ಟನ್ ಬಂಗಾರ ಹೊರಬಂದ ಮೇಲೆ, 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿತು. ಯಾವ ಬೂದು ಗುಡ್ಡಗಳ ಮೇಲೆ ಚಿತ್ರೀಕರಣ ನಡೆಯಿತೋ ಅವು ಸಯನೈಡ್ ಹಾಕಿ ಬಂಗಾರ ತೆಗೆದು ಉಳಿದ ಪುಡಿಯ ರಾಶಿಗಳು. ಗಾಳಿ ಬೀಸಿದರೆ ಆ ಧೂಳು ಬೀಳುವುದು ಬದುಕಿರುವವರ ಅನ್ನದ ತಟ್ಟೆಗೆ. ಮಾರಿಕುಪ್ಪದಿಂದ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗುವ ಮುಂಜಾನೆಯ ರೈಲುಗಳಲ್ಲಿ ಕೂಲಿಗಾಗಿ ಹೊರಡುವವರು ಆ ಗಣಿಯವರ ಮಕ್ಕಳು, ಮೊಮ್ಮಕ್ಕಳು.

ಧರ್ಮದ ಗುರುತುಗಳೇ ಬೇಕೆನ್ನುವ ತರುಣರು ಅವರನ್ನು ಕೇಳಬಾರದೆ? ತಮಿಳುನಾಡಿನ ಕಡೆಯಿಂದ ಬಂದ ದಲಿತ ಕಾರ್ಮಿಕರಲ್ಲಿ ಅನೇಕರು ಇಲ್ಲಿ ಬುದ್ಧನನ್ನು ಆರಿಸಿಕೊಂಡರು. ಅಯೋತಿದಾಸ ಪಂಡಿತರು 1898ರಲ್ಲಿ ಮದರಾಸಿನಲ್ಲಿ ಆರಂಭಿಸಿದ ಶಾಕ್ಯ ಬೌದ್ಧ ಸಂಘವು ಮಾರಿಕುಪ್ಪ, ಚಾಂಪಿಯನ್ ರೀಫ್‌ಗಳಲ್ಲಿ ಬೇರೂರಿತು. ಅವರ ‘ತಮಿಳನ್’ ಪತ್ರಿಕೆಯು ಅವರ ಕಾಲಾನಂತರ ಈ ಗಣಿಯೂರಿನಿಂದಲೇ ಪ್ರಕಟವಾಯಿತು. ಭೂಗರ್ಭದಲ್ಲಿ ದುಡಿದು ಮೇಲೆ ಬಂದವನು ಸಂಜೆ ಬುದ್ಧನ ಮಾತು ಓದುತ್ತಿದ್ದ. ತೆರೆಯ ಮೇಲೆ ಅದೇ ದುಡಿಮೆಗಾರನು ತನ್ನ ವಿಚಾರವೇ ಇಲ್ಲದೆ ನಾಯಕನ ದಾರಿ ಕಾಯುವ ಮೂಕ ಗುಲಾಮ. ನಮ್ಮ ಭಾಷ್ಯಕಾರರು ಆ ಮೌನವನ್ನೇ ‘ಅವತಾರದ ನಿರೀಕ್ಷೆ’ ಎಂದು ಹೊಗಳುತ್ತಾರೆ. ಒಂದು ಜನಾಂಗದ ನಿಜವಾದ ಧರ್ಮಚರಿತ್ರೆಯನ್ನು ಅಳಿಸಿ ಸುಳ್ಳು ಪುರಾಣವನ್ನು ಹಚ್ಚುವುದು ವಿನೋದವಲ್ಲ, ಅಪಚಾರ.

ಹೆಸರಿನ ಸದ್ದಿನಿಂದ ಅರ್ಥ ಹುಟ್ಟಿಸುವವರು ಬಂಗಾರಪೇಟೆಯನ್ನೇ ನೋಡಲಿ. ಬಂಗಾರದ ದೆಸೆಯಿಂದಲೇ ಆ ಹೆಸರೆಂದು ತಿಳಿಯುವುದು ಸುಲಭ. ಆದರೆ ಮೈಸೂರಿನ ಕಮೀಷನರಾಗಿದ್ದ ಬೌರಿಂಗರ ಹೆಸರಿನಿಂದ ಅದು ಹಿಂದೆ ಬೌರಿಂಗ್‌ಪೇಟೆ ಎನಿಸಿಕೊಂಡಿತ್ತು. ಇಷ್ಟು ಚಿಕ್ಕ ಹೆಸರಿನಲ್ಲಿಯೇ ಊಹೆ ಇಷ್ಟು ಸುಲಭವಾಗಿ ಎಡವಬಲ್ಲುದಾದರೆ, ಇಡೀ ನಾಡಿನ ಸಂಕಟದ ವಿಷಯದಲ್ಲಿ ಎಷ್ಟು ಎಡವೀತು?

ಬೆರಗು ಬೇಕೆ? 1965ರಲ್ಲಿ ಚಾಂಪಿಯನ್ ರೀಫ್‌ನ ಆಳದಲ್ಲಿ, 2 ಕಿಲೋಮೀಟರಿಗೂ ಕೆಳಗೆ, ನಮ್ಮ ದೇಶದ ಮತ್ತು ಹೊರದೇಶಗಳ ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಕಣದ ಸುಳಿವನ್ನು ಹಿಡಿದರು. ಬಾನಿನ ಸುದ್ದಿಯನ್ನು ಕೇಳಲು ಪಾತಾಳಕ್ಕೆ ಇಳಿಯಬೇಕಾಯಿತು! ಈ ಸತ್ಯದ ಮುಂದೆ ನರಾಚಿಯ ಯಾವ ಗೂಢಾರ್ಥ ನಿಂತೀತು?

ಆದುದರಿಂದ ಭಕ್ತರೇ, ಮಕ್ಕಳು ಚಿತ್ರ ನೋಡುವುದನ್ನು ತಡೆಯಬೇಡಿರಿ. ನೋಡಿ ಬಂದವರನ್ನು ಒಂದು ದಿನ ಮಾರಿಕುಪ್ಪದ ರೈಲು ಹತ್ತಿಸಿರಿ. ಆ ಗುಡ್ಡಗಳನ್ನು ಕಾಣಲಿ, ಅಲ್ಲಿನ ಒಬ್ಬ ಹಿರಿಯ ಗಣಿಕಾರ್ಮಿಕರ ಮಾತನ್ನು ಕುಳಿತು ಕೇಳಲಿ. ಕಾಯಕವನ್ನು ಕೈಲಾಸವೆಂದು ಬಾಯಲ್ಲಿ ಹೇಳುವ ನಾವು, ಕಾಯಕದಲ್ಲಿ ಉಸಿರು ಕಳೆದುಕೊಂಡವರನ್ನು ಮರೆತು ಕಟ್ಟಿದ ಬೊಂಬೆಗೆ ಭಾಷ್ಯ ಬರೆಯುತ್ತ ಕುಳಿತರೆ, ಆ ಮಾತನ್ನು ಆಡುವ ಅಧಿಕಾರವೇ ನಮಗಿರುವುದಿಲ್ಲ.