ಹೊಳಪಿನ ಕೆಳಗಣ ತುಕ್ಕು

ಗ್ರೇಟ್ ಬ್ರಿಟನ್ನಿನಲ್ಲಿ ಹಳೆಯ ಮೋಟಾರು ವಾಹನಗಳು ವರ್ಷಕ್ಕೊಮ್ಮೆ ಸುರಕ್ಷತೆಯ ಪರೀಕ್ಷೆಗೆ ಒಳಗಾಗಬೇಕೆಂಬ ಪದ್ಧತಿಯು 1960ರಲ್ಲಿ ಆರಂಭವಾಯಿತು. 2018ರ ಮೇ 20ರಿಂದ, ನಲವತ್ತು ವರ್ಷ ದಾಟಿದ, ಮೂಲರೂಪದಲ್ಲಿ ಹೆಚ್ಚಿನ ಮಾರ್ಪಾಟು ಹೊಂದದ ಕಾರುಗಳಿಗೆ ಈ ಪರೀಕ್ಷೆಯಿಂದ ವಿನಾಯಿತಿ ದೊರೆತಿದೆ. ಇಂತಹ ಗಾಡಿಗಳು ಸಂಖ್ಯೆಯಲ್ಲಿ ಕಡಿಮೆ, ಓಡುವುದೂ ಕಡಿಮೆ, ಒಡೆಯರು ಅವುಗಳನ್ನು ಅಕ್ಕರೆಯಿಂದ ನೋಡಿಕೊಳ್ಳುತ್ತಾರೆ ಎಂಬುದು ವಿನಾಯಿತಿಯ ಸಮರ್ಥನೆ. ಅಕ್ಕರೆ ಇರುವುದು ನಿಜವೇ. ಆದರೆ ಅಕ್ಕರೆಯ ಕೈ ಕಣ್ಣಿಗೆ ಕಾಣುವ ಭಾಗವನ್ನು ಉಜ್ಜುತ್ತದೆ. ತುಕ್ಕು ಕಾಣದ ಭಾಗದಲ್ಲಿ ತನ್ನ ಕೆಲಸವನ್ನು ನಡೆಸುತ್ತದೆ. ಇದರ ಫಲವಾಗಿ, ಹಳೆಯ ಸ್ಪೋರ್ಟ್ಸ್ ಕಾರೊಂದು ಕೈಯಿಂದ ಕೈಗೆ ಹೋಗುವಾಗ ಅದರ ಅಡಿಯನ್ನು ಬಗ್ಗಿ ನೋಡುವ ಹೊಣೆಯು ಕೊಳ್ಳುವವನೊಬ್ಬನ ಮೇಲೆಯೇ ಬಿದ್ದಿದೆ.

ಹೋಟೆಲಿನಲ್ಲಿ ದುಡಿಯುವ, ಕಚೇರಿಯಲ್ಲಿ ಲೆಕ್ಕ ಬರೆಯುವ ನಮ್ಮ ವಾಚಕರಿಗೆ ಇಂಗ್ಲಿಷರ ಸ್ಪೋರ್ಟ್ಸ್ ಕಾರಿನ ಗೊಡವೆ ಏತಕ್ಕೆಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಉಳಿಸಿದ ಹಣದಿಂದ ಹಳೆಯ ವಸ್ತುವನ್ನು ಕೊಳ್ಳುವವನ ಸಂಕಟ ಎಲ್ಲ ದೇಶಗಳಲ್ಲಿಯೂ ಒಂದೇ. ಆ ಸಂಕಟದಿಂದ ಪಾರಾಗುವ ಬಗೆಯನ್ನು ಈ ಕಾರುಗಳಷ್ಟು ಚೆನ್ನಾಗಿ ಕಲಿಸುವ ವಸ್ತು ಬೇರೊಂದಿಲ್ಲವೆಂದೇ ನಮ್ಮ ಎಣಿಕೆ.

ತುಕ್ಕಿನ ಸ್ವಭಾವವನ್ನು ಮೊದಲು ತಿಳಿಯಬೇಕು. ಕಬ್ಬಿಣಕ್ಕೆ ನೀರೂ ಗಾಳಿಯೂ ತಗುಲಿದಲ್ಲಿ ತುಕ್ಕು ಹುಟ್ಟುತ್ತದೆ. ಉಪ್ಪು ಸೇರಿದರೆ ಅದರ ವೇಗ ಹೆಚ್ಚುತ್ತದೆ. ಬ್ರಿಟನ್ನಿನಲ್ಲಿ ಚಳಿಗಾಲದ ಹಿಮವನ್ನು ಕರಗಿಸಲು ರಸ್ತೆಗಳ ಮೇಲೆ ಕಲ್ಲುಪ್ಪನ್ನು ಎರಚುತ್ತಾರೆ. ಆ ಉಪ್ಪುನೀರು ಚಕ್ರಗಳಿಂದ ಸಿಡಿದು, ಕೆಸರಿನೊಡನೆ ಗಾಡಿಯ ಪೊಳ್ಳುಗಳಲ್ಲಿ ಸೇರಿ ನಿಲ್ಲುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುವುದರಿಂದ ಜೋಡಿಸಿದ ತಗಡುಗಳನ್ನು ಉಬ್ಬಿಸಿ ಬೇರ್ಪಡಿಸುತ್ತದೆ. ಹೊರಗಿನ ಬಣ್ಣದ ಮೇಲೆ ಕಡಲೆಕಾಳಿನಷ್ಟು ಗುಳ್ಳೆ ಎದ್ದಿತೆಂದರೆ, ಒಳಗಿನ ತಗಡು ಅದಕ್ಕೂ ಬಹಳ ಮೊದಲೇ ಸವೆದಿರುತ್ತದೆ.

ಆಬಿಂಗ್ಡನ್ನಿನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಕಾರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಐದು ಲಕ್ಷಕ್ಕೂ ಹೆಚ್ಚು ಗಾಡಿಗಳು ಹೊರಬಂದುದರಿಂದ ಇಂದಿಗೂ ಕೊಳ್ಳಲು ಸಿಗುತ್ತವೆ. ಇದಕ್ಕೆ ಪ್ರತ್ಯೇಕವಾದ ಚಾಸಿ ಇಲ್ಲ, ಒಡಲೇ ಚಾಸಿ. ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ 'ಸಿಲ್' ಎಂಬ ಹೊಸ್ತಿಲು ಹಲವು ಪದರಗಳ ತಗಡಿನಿಂದ ಆದ ಪೊಳ್ಳು ತೊಲೆ. ತಲೆಯ ಮೇಲೆ ಗಟ್ಟಿ ಮಾಡು ಇಲ್ಲದ ತೆರೆದ ಗಾಡಿಯಲ್ಲಿ ಮುಂಭಾಗವನ್ನೂ ಹಿಂಭಾಗವನ್ನೂ ಹಿಡಿದಿಟ್ಟಿರುವುದು ಬಹುಮಟ್ಟಿಗೆ ಈ ತೊಲೆಗಳೇ. ಅವು ಒಳಗಿನಿಂದ ಕೊಳೆತರೆ ಗಾಡಿ ನಡುವಿನಲ್ಲಿ ಕುಸಿಯುತ್ತದೆ.

ಇನ್ನೊಂದು ಕಾರು ಕಾವೆಂಟ್ರಿಯ ಟ್ರಯಂಫ್ ಸ್ಪಿಟ್‌ಫೈರ್. ಅದೂ 1962ರಿಂದ 1980ರ ತನಕ ತಯಾರಾಯಿತು. ಮದರಾಸಿನಲ್ಲಿರುವ ಹಿರಿಯ ವಾಚಕರಿಗೆ ಇದರ ದಾಯಾದಿ ಪರಿಚಿತ. 1961ರಿಂದ ಅಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಮೂಲತಃ ಟ್ರಯಂಫ್ ಹೆರಾಲ್ಡೇ ಆಗಿತ್ತು. ಆ ಹೆರಾಲ್ಡಿನ ಚಾಸಿಯನ್ನು ಮೊಟಕುಗೊಳಿಸಿಯೇ ಸ್ಪಿಟ್‌ಫೈರನ್ನು ಕಟ್ಟಲಾಯಿತು. ಎರಡಕ್ಕೂ ರೂಪ ಕೊಟ್ಟವರು ಇಟಲಿಯ ಜೊವಾನ್ನಿ ಮಿಕೆಲೊತ್ತಿ. ಆದರೆ ಒಂದು ಭೇದವನ್ನು ಮರೆಯಲಾಗದು. ಹೆರಾಲ್ಡಿನಲ್ಲಿ ಭಾರವನ್ನು ಹೊರುವುದು ಚಾಸಿ, ಸಿಲ್ ಕೇವಲ ಮುಚ್ಚಿಗೆ. ಸ್ಪಿಟ್‌ಫೈರಿನಲ್ಲಿ ಚಾಸಿಯ ಪಕ್ಕದ ಚೌಕಟ್ಟನ್ನು ತೆಗೆದುಹಾಕಿದ್ದರಿಂದ ಸಿಲ್ಲೇ ಭಾರಕ್ಕೆ ಹೆಗಲು ಕೊಡಬೇಕು. 'ಇದಕ್ಕೆ ಬೇರೆ ಚಾಸಿ ಇದೆ, ಭಯವಿಲ್ಲ' ಎನ್ನುವ ಮಾರಾಟಗಾರನ ಮಾತು ಹೆರಾಲ್ಡಿಗೆ ಒಪ್ಪಬಹುದು, ಸ್ಪಿಟ್‌ಫೈರಿಗೆ ಒಪ್ಪದು. ಒಡಲು ಫೈಬರ್‌ಗ್ಲಾಸಿನದೆಂದು ನಂಬಿ ಲೋಟಸ್ ಎಲಾನ್ ಕೊಳ್ಳುವವನೂ ಒಳಗಿರುವ ಚಾಸಿ ಉಕ್ಕಿನದೆಂಬುದನ್ನು ನೆನಪಿಡಬೇಕು.

ತುಕ್ಕನ್ನು ಮರೆಮಾಡುವುದು ಕಷ್ಟದ ವಿದ್ಯೆಯಲ್ಲ. ತೂತಿನ ಮೇಲೆ ಪುಟ್ಟಿ ಬಳಿದು, ಉಜ್ಜಿ, ಬಣ್ಣ ಹೊಡೆದರೆ ಮುಗಿಯಿತು. ಅಡಿಯಲ್ಲಿ ಕರಿಯ ಲೇಪವನ್ನು ದಪ್ಪವಾಗಿ ಬಳಿದರೆ ಒಳಗಿನ ಗುಟ್ಟು ಒಳಗೇ ಉಳಿಯುತ್ತದೆ. ಹೋಟೆಲಿನ ಸ್ಥಿತಿಯನ್ನು ಅದರ ಬೋರ್ಡು ನೋಡಿ ತಿಳಿಯಲಾಗದು, ಅಡುಗೆಮನೆಯ ಮೋರಿ ನೋಡಬೇಕೆಂಬುದು ನಮ್ಮ ವಾಚಕರಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಕಾರಿನಲ್ಲಿಯೂ ಹಾಗೆಯೇ.

ಆದುದರಿಂದ ನೋಡಲು ಹೋಗುವವರು ಹಗಲಿನಲ್ಲಿಯೇ ಹೋಗಬೇಕು, ಗಾಡಿ ಒಣಗಿರಬೇಕು. ಮಳೆಯಲ್ಲಿ ನೆನೆದ ಬಣ್ಣ ತನ್ನ ಏರುತಗ್ಗುಗಳನ್ನು ತೋರಿಸದು. ಸಣ್ಣ ಅಯಸ್ಕಾಂತವನ್ನು ತೆಳುಬಟ್ಟೆಯಲ್ಲಿ ಸುತ್ತಿ ಸಿಲ್ಲಿನ ಉದ್ದಕ್ಕೂ, ಚಕ್ರಗಳ ಮೇಲಿನ ಅಂಚಿಗೂ, ಬಾಗಿಲುಗಳ ತಳಕ್ಕೂ ತಾಗಿಸಿ ನೋಡಬೇಕು. ಉಕ್ಕಿಗೆ ಅದು ಕಚ್ಚುತ್ತದೆ. ದಪ್ಪ ಪುಟ್ಟಿಯ ಮೇಲೆ ಜಾರುತ್ತದೆ. ಬಾಗಿಲಿನ ಸುತ್ತಲಿನ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ನಡುವು ಕುಸಿದಿದೆಯೆಂದು ಸಂಶಯಿಸಬೇಕು. ಒಡೆಯನ ಅನುಮತಿ ಪಡೆದು ಜಾಕ್ ಹಚ್ಚಿ, ತಕ್ಕ ಆಸರೆ ಕೊಟ್ಟು ಎತ್ತಿಸಿದಾಗ ಆ ಸಂದು ಬದಲಾದರೆ, ಬಾಗಿಲು ಬಿಗಿದುಕೊಂಡರೆ, ಸಂಶಯ ಇನ್ನಷ್ಟು ಬಲವಾಗುತ್ತದೆ. ಎತ್ತಿದ ಗಾಡಿಯ ಅಡಿಗೆ ಕೇವಲ ಜಾಕ್ ನಂಬಿ ಯಾರೂ ನುಸುಳಕೂಡದು. ಕಾಲ್ಕೆಳಗಿನ ಹಾಸನ್ನು ಎತ್ತಿ ನೆಲವನ್ನು ನೋಡಬೇಕು. ಒದ್ದೆ ಇದ್ದರೆ ಕಾರಣ ಕೇಳಬೇಕು. ಹಿಂದಿನ ಸ್ಪ್ರಿಂಗುಗಳು ಒಡಲಿಗೆ ಸೇರುವ ಸ್ಥಳವನ್ನು ದೀಪ ಹಿಡಿದು ಪರೀಕ್ಷಿಸಬೇಕು. ಮೊದಲ ವರ್ಷಗಳ ಎಂಜಿಬಿಯಲ್ಲಿ ಆರು ವೋಲ್ಟಿನ ಎರಡು ಬ್ಯಾಟರಿಗಳು ಆಸನಗಳ ಹಿಂದೆ ತಳದಲ್ಲಿರುತ್ತವೆ. ಚೆಲ್ಲಿದ ಆಮ್ಲವು ಅವುಗಳ ಪೆಟ್ಟಿಗೆಯನ್ನು ತಿಂದಿರಬಹುದು. ದುರಸ್ತಿ ನಡೆದಿದ್ದರೆ, ನಡೆಯುತ್ತಿದ್ದಾಗ ತೆಗೆದ ಫೋಟೋಗಳನ್ನು ಕೇಳಬೇಕು. ಹಳೆಯ ತಗಡಿನ ಮೇಲೆಯೇ ಹೊಸ ಸಿಲ್ ಹೊದಿಸುವುದು ದುರಸ್ತಿಯಲ್ಲ, ಮುಸುಕು.

ಎಂಜಿನ್ ಚೆನ್ನಾಗಿದೆಯಲ್ಲ ಎಂದು ಸಮಾಧಾನಪಡುವವರು ಬಹಳ. ಎಂಜಿನನ್ನು ಇಳಿಸಿ ಮೇಜಿನ ಮೇಲಿಟ್ಟು ಸರಿಪಡಿಸಬಹುದು. ಕೊಳೆತ ಒಡಲನ್ನು ಕತ್ತರಿಸಿ ಬೆಸೆಯುವ ಖರ್ಚು ಕೊಂಡ ಬೆಲೆಯನ್ನೂ ಮೀರಬಹುದು. 1988ರಿಂದ ಎಂಜಿಬಿಗೆ ಹೊಚ್ಚಹೊಸ ಒಡಲನ್ನೇ ತಯಾರಿಸಿ ಮಾರತೊಡಗಿದರೆಂಬುದೇ ಹಳೆಯವುಗಳ ಗತಿಯನ್ನು ಸಾರುತ್ತದೆ. ಹಣ ಹೋದರೆ ಮರಳಿ ಗಳಿಸಬಹುದು. ಸೀಟ್ ಬೆಲ್ಟಿನ ಬುಡ ಕೊಳೆತ ತಗಡಿನಲ್ಲಿದ್ದರೆ, ಅಪಘಾತದ ಕ್ಷಣದಲ್ಲಿ ಹೋಗುವುದು ಹಣವಲ್ಲ, ಪ್ರಾಣ. ಬೆಲ್ಟು, ಬ್ರೇಕು, ಸಸ್ಪೆನ್ಷನ್ನು ಒಡಲಿಗೆ ಸೇರುವ ಕಡೆಗಳಿಂದ 30 ಸೆಂಟಿಮೀಟರಿನೊಳಗೆ ತುಕ್ಕು ಬಲವನ್ನು ಕುಂದಿಸಿದ್ದರೆ ವಾರ್ಷಿಕ ಪರೀಕ್ಷೆಯಲ್ಲಿ ಗಾಡಿಯನ್ನು ತಿರಸ್ಕರಿಸುವುದು ಈ ಕಾರಣಕ್ಕಾಗಿಯೇ. ಯಾವ ಗಾಡಿಗಳಿಗೆ ಈ ನೋಟ ಎಲ್ಲಕ್ಕಿಂತ ಅಗತ್ಯವೋ ಅವಕ್ಕೇ ವಿನಾಯಿತಿ ಕೊಟ್ಟುದು ಸರಿಯಲ್ಲವೆಂದು ನಾವು ಭಾವಿಸುತ್ತೇವೆ.

ಓಡದೆ ನಿಂತಿರುವುದೇ ರಕ್ಷಣೆ ಎಂಬ ವಾದವೂ ನಿಲ್ಲದು. ತೇವದ ಕೊಟ್ಟಿಗೆಯಲ್ಲಿ ನಿಂತ ಗಾಡಿಗೂ ತುಕ್ಕು ರಜೆ ಕೊಡುವುದಿಲ್ಲ. ರಸ್ತೆಗೆ ಯೋಗ್ಯವಲ್ಲದ ವಾಹನವನ್ನು ಮಾರುವುದು 1988ರ ರಸ್ತೆ ಸಂಚಾರ ಕಾನೂನಿನಂತೆ ಅಲ್ಲಿ ಅಪರಾಧವೇ. ಆದರೆ ಕಾನೂನು ಬರುವುದು ಬಹುಶಃ ಕೆಟ್ಟ ಮೇಲೆ. ವಿನಾಯಿತಿ ಇದ್ದರೂ ಸ್ವಂತ ಇಚ್ಛೆಯಿಂದ ಪರೀಕ್ಷೆ ಮಾಡಿಸಲು ಯಾವ ಅಡ್ಡಿಯೂ ಇಲ್ಲ. ಪ್ರಾಮಾಣಿಕನಾದ ಮಾರಾಟಗಾರನು ಹೊಸ ಪರೀಕ್ಷಾ ಪತ್ರದೊಡನೆಯೇ ಗಾಡಿಯನ್ನು ತೋರಿಸಲಿ. ಪತ್ರವಿಲ್ಲದಲ್ಲಿ ಕೊಳ್ಳುವವನು ಅದನ್ನು ಕೇಳಲಿ.

ನಮ್ಮ ದೇಶದಲ್ಲಿಯೂ ಐವತ್ತು ವರ್ಷ ಮೀರಿದ ವಾಹನಗಳ ನೋಂದಣಿಗೆ 2021ರಲ್ಲಿ ಪ್ರತ್ಯೇಕ ನಿಯಮಗಳು ಬಂದಿವೆ. ಹಳೆಯ ಕಾರುಗಳ ಮೋಹ ಇಲ್ಲಿಯೂ ಬೆಳೆಯುತ್ತಿದೆ. ಕುರ್ಲಾದಲ್ಲಿ ಹುಟ್ಟಿದ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ 30ರಿಂದ ಮುಂಬಯಿಯ ರಸ್ತೆಗಳಲ್ಲಿ ಇಲ್ಲವಾದವು. ಆ ಕಾರಿನ ನೆನಪಿಗೆ ಮನಸೋತು ಮನೆಯ ಮುಂದೆ ಒಂದಿರಲಿ ಎನ್ನುವವರು ಇದ್ದಾರೆ. ಕಡಲಿನ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಇರುವ ಊರಿನಲ್ಲಿ ಕಲ್ಲುಪ್ಪನ್ನು ಯಾರೂ ಎರಚಬೇಕಾಗಿಲ್ಲ. ನಿವೃತ್ತಿಯ ಹಣದಲ್ಲಿ ಸೆಕೆಂಡ್‌ಹ್ಯಾಂಡ್ ಕಾರೊಂದನ್ನು ಕೊಳ್ಳುವ ಗುಮಾಸ್ತರಿಗೂ ಮೇಲಿನ ಪರೀಕ್ಷೆಗಳಲ್ಲಿ ಹೆಚ್ಚಿನವು ಅನ್ವಯಿಸುತ್ತವೆ.

ಬಲ್ಲವರನ್ನು ಜೊತೆಗೆ ಕರೆದೊಯ್ಯುವುದಕ್ಕೆ, ಅವರಿಗೆ ತಕ್ಕ ಕೂಲಿ ಕೊಡುವುದಕ್ಕೆ ಯಾರೂ ಹಿಂಜರಿಯಬಾರದು. ಅಡಿ ನೋಡಲು ಬಿಡದ ಮಾರಾಟಗಾರನಿಗೆ ನಮಸ್ಕಾರ ಹೇಳಿ ಹೊರಟುಬರುವುದೇ ವಿವೇಕ.