ಬರುವ ಗುಮ್ಮ, ಹೋಗುವ ಗುಮ್ಮ

ಡಿಸೆಂಬರ್ ಕೊನೆಯ ವಾರ ದಾಂಡೇಲಿಯಲ್ಲಿ ರೂಮು ಸಿಗುವುದು ಕಷ್ಟ. ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿನ ಕಾರುಗಳು ಕಾಳಿ ನದಿಯ ದಂಡೆಯುದ್ದಕ್ಕೂ ನಿಂತಿರುತ್ತವೆ. ಅಲ್ಲಿಂದ ಹತ್ತು-ಹನ್ನೆರಡು ಕಿಲೋಮೀಟರ್ ದೂರದ ಕುಳಗಿಯಲ್ಲಿ, ಅರಣ್ಯ ಇಲಾಖೆಯ ನಿಸರ್ಗ ಶಿಬಿರದ ಡೇರೆಗಳಿಗೂ ಅದೇ ಬೇಡಿಕೆ. ಕತ್ತಲಾದ ಮೇಲೆ ಮಕ್ಕಳನ್ನು ಒಳಗೆ ಕೂಡಿಸಲು ದೊಡ್ಡವರ ಹತ್ತಿರ ಇರುವುದು ಹಳೆಯ ಅಸ್ತ್ರವೇ: “ಹೊರಗ ಹೋದ್ರ ಗುಮ್ಮ ಬರ್ತಾನ ನೋಡು.” ಪುರಂದರದಾಸರ ಬಾಲಕೃಷ್ಣ ಯಶೋದೆಯ ಸೆರಗು ಹಿಡಿದು ಬೇಡಿಕೊಂಡದ್ದೂ ಈ ಗುಮ್ಮನ ಕಾಟ ತಡೆಯಲಾರದೆ. ಅವನಿಗೆ ಕೊಂಬಿದೆಯೋ ಬಾಲವಿದೆಯೋ ಯಾರೂ ಹೇಳಿಲ್ಲ. ಮಗು ಉಂಡು ಮಲಗಿತೆಂದರೆ ಅವನ ನೌಕರಿಯೂ ಆ ದಿನಕ್ಕೆ ಮುಗಿಯಿತು.

ಯುರೋಪಿನ ಗುಮ್ಮಗಳಿಗೆ ಮುಖವೂ ಉಂಟು, ತಾರೀಖೂ ಉಂಟು. ಆಸ್ಟ್ರಿಯಾದ ಬೆಟ್ಟದೂರುಗಳಲ್ಲಿ ಡಿಸೆಂಬರ್ 5ರ ರಾತ್ರಿ ಕ್ರಾಂಪುಸ್ ಬರುತ್ತಾನೆ. ಮರದಲ್ಲಿ ಕೆತ್ತಿದ ಮುಖವಾಡ, ಆಡಿನ ಕೊಂಬು, ಮೈತುಂಬ ತೊಗಲು, ಸೊಂಟಕ್ಕೆ ದನದ ಗಂಟೆ, ಕೈಯಲ್ಲಿ ಕಡ್ಡಿಗಳ ಕಟ್ಟು. ಸಂತ ನಿಕೊಲಾಸ್ ಜಾಣಮಕ್ಕಳಿಗೆ ತಿಂಡಿ ಹಂಚಿದರೆ ಕಿಡಿಗೇಡಿಗಳ ಲೆಕ್ಕ ಚುಕ್ತಾ ಮಾಡುವವನು ಇವನು. ಐಸ್‌ಲ್ಯಾಂಡಿನಲ್ಲಿ ಗ್ರೀಲಾ ಎಂಬ ರಕ್ಕಸಿ, ಅವಳ 13 ಗಂಡುಮಕ್ಕಳು, ಜೊತೆಗೊಂದು ದೈತ್ಯ ಬೆಕ್ಕು. ಹಬ್ಬಕ್ಕೆ ಹೊಸ ಬಟ್ಟೆ ಇಲ್ಲದವರನ್ನು ಆ ಬೆಕ್ಕು ತಿನ್ನುತ್ತದಂತೆ. ಬಡವರ ಮೇಲೇ ಬೀಳುವ ಈ ಬೆಕ್ಕಿನ ನ್ಯಾಯ ಯಾವ ಸೀಮೆಯದೋ! ಇಂಥವರ ಹೆಸರು ಹೇಳಿ ಮಕ್ಕಳನ್ನು ನಡುಗಿಸುವುದು ಎಷ್ಟು ಅತಿಯಾಯಿತೆಂದರೆ, 1746ರಲ್ಲಿ ಅದನ್ನು ತಡೆಯಲು ಸರ್ಕಾರಿ ಆಜ್ಞೆಯೇ ಹೊರಟಿತು. ಆಜ್ಞೆ ಬೆಕ್ಕಿಗೆ ತಟ್ಟಿದಂತಿಲ್ಲ. ಈಗ ಅದು ರೇಕ್ಯಾವಿಕ್ ನಗರದ ನಡುವೆ ಮೈಗೆಲ್ಲ ದೀಪ ಸುತ್ತಿಕೊಂಡು ನಿಲ್ಲುತ್ತದೆ.

ಗ್ರೀಸಿನ ಪಿಶಾಚಿಗಳು ಇನ್ನೂ ಪಾಪದವು. ಕ್ರಿಸ್‌ಮಸ್‌ನಿಂದ 12 ದಿನ ಪಾತಾಳದಿಂದ ಮೇಲೆದ್ದು ಮನೆಮನೆಗೆ ನುಗ್ಗುತ್ತವೆ. ಜನ ಹೊಸ್ತಿಲ ಮೇಲೆ ಒಂದು ಜರಡಿ ಇಟ್ಟು ಮಲಗುತ್ತಾರೆ. ಪಿಶಾಚಿ ಜರಡಿಯ ತೂತು ಎಣಿಸಲು ಕೂಡುತ್ತದೆ. ಮೂರು ಪವಿತ್ರ ಸಂಖ್ಯೆಯಾದ್ದರಿಂದ ಎರಡರಿಂದ ಮುಂದೆ ಹೋಗಲಾರದೆ ಮತ್ತೆ ಒಂದರಿಂದ ಶುರು ಮಾಡುತ್ತದೆ, ಅಷ್ಟರಲ್ಲಿ ಬೆಳಗಾಗುತ್ತದೆ. 1990ರ ದಶಕದಲ್ಲಿ ಕರ್ನಾಟಕದ ಊರೂರುಗಳ ಬಾಗಿಲ ಮೇಲೆ ದೆವ್ವ ಓದಿ ಮರಳಿ ಹೋಗಲೆಂದು ಸುಣ್ಣದಲ್ಲಿ, ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದವರಿಗೆ ಈ ಉಪಾಯ ಹೊಸದೆನಿಸಲಾರದು. ಅಕ್ಷರ ಬಲ್ಲ, ಆದರೆ ಕ್ಯಾಲೆಂಡರ್ ತಿಳಿಯದ ದೆವ್ವ ನಮ್ಮದು.

ಇವೆಲ್ಲ ಬರುವ ಗುಮ್ಮಗಳು. ಕುಳಗಿಯ ಆಸುಪಾಸಿನಲ್ಲಿ ಚಳಿಗಾಲದ ಹಬ್ಬಗಳಿಗೆ ಹೆಚ್ಚು ಬೇಕಾಗಿರುವುದು ಹೋಗುವ ಗುಮ್ಮ. ಬೆಳಗಾವಿಯಲ್ಲಿ ಡಿಸೆಂಬರ್ 31ರ ರಾತ್ರಿ ‘ಓಲ್ಡ್ ಮ್ಯಾನ್’ ಸುಡುತ್ತಾರೆ. ಹುಲ್ಲು ತುಂಬಿದ ಹಳೆಯ ಪ್ಯಾಂಟು-ಶರ್ಟಿನ ಮುದುಕ, ಹೊಟ್ಟೆಯೊಳಗೆ ಪಟಾಕಿ. ಹನ್ನೆರಡು ಹೊಡೆಯಿತೆಂದರೆ ಬೆಂಕಿ. ಗೋವಾದಲ್ಲೂ ಇದೇ ಮುದುಕ ರಸ್ತೆ ಬದಿಯಲ್ಲಿ ಕೂತು, ತನ್ನನ್ನು ಸುಡಲಿರುವ ಮಕ್ಕಳಿಗೆ ಚಿಲ್ಲರೆ ಕೂಡಿಸಿಕೊಡುತ್ತಾನೆ.

ಈ ಕಳಿಸಿಕೊಡುವ ಕೆಲಸವನ್ನು ಶಾಸ್ತ್ರೋಕ್ತವಾಗಿ, ದಿನಗಟ್ಟಲೆ ಮಾಡುವವರು ಇರುವುದು ಮುಂಡಗೋಡದಲ್ಲಿ. 1966ರಲ್ಲಿ ಅಲ್ಲಿ ಟಿಬೆಟನ್ ವಸಾಹತು ಆರಂಭವಾಯಿತು. 1409ರ ಗಾಂದೆನ್, 1416ರ ದ್ರೆಪುಂಗ್ ಎಂಬ ಲಾಸಾ ಸೀಮೆಯ ಎರಡು ಮಹಾಮಠಗಳು ಮುಂಡಗೋಡದ ಕೆಂಪು ಮಣ್ಣಿನ ಮೇಲೆ ಮತ್ತೆ ಎದ್ದವು. ವಸಾಹತಿನ ಹಲವು ಕುಟುಂಬಗಳಿಗೆ ಚಳಿಗಾಲವೆಂದರೆ ರಜೆಯಲ್ಲ, ದುಡಿಮೆ. ಊರೂರಿನ ಫುಟ್‌ಪಾತಿನಲ್ಲಿ ಸ್ವೆಟರ್ ಮಾರಿ, ಲೆಕ್ಕ ಮುಗಿಸಿ ಹೊಸ ವರ್ಷ ಲೋಸಾರ್‌ಗೆ ಮನೆ ಸೇರುತ್ತಾರೆ. ಫೆಬ್ರುವರಿಯಲ್ಲೋ ಮಾರ್ಚ್ ಮೊದಲಲ್ಲೋ ಬರುವ ಲೋಸಾರ್‌ಗೆ ಮುಂಚೆ ಮಾತ್ರ ಒಂದು ಕೆಲಸ ಬಾಕಿ ಇರುತ್ತದೆ. ಹಳೆಯ ವರ್ಷದ ಕೇಡನ್ನು ಅಟ್ಟಬೇಕು.

ಅದಕ್ಕೆ ಗೊತ್ತಾದ ದಿನ ಟಿಬೆಟನ್ ಪಂಚಾಂಗದ ಕೊನೆಯ ತಿಂಗಳ 29. ಟಿಬೆಟನ್ ಸಂಪ್ರದಾಯದ ಮಠಗಳಲ್ಲಿ ಆ ಹೊತ್ತಿಗೆ ಛಾಮ್ ಎಂಬ ಮುಖವಾಡ ನೃತ್ಯ. ಉದ್ದ ಕಹಳೆ, ತಾಳ, ನಗಾರಿಯ ಲಯಕ್ಕೆ ಒಬ್ಬೊಬ್ಬರೇ ಇಳಿದು ಬರುತ್ತಾರೆ: ಮೂರು ಕಣ್ಣು, ತಲೆಗೆ ಬುರುಡೆಗಳ ಕಿರೀಟ, ಹೊರಚಾಚಿದ ಕೋರೆಹಲ್ಲಿನ ಮಹಾಕಾಲ, ಜಿಂಕೆಮುಖದವರು, ಬಿಳಿ ಬಟ್ಟೆಯ ಮೇಲೆ ಎಲುಬು ಬರೆದುಕೊಂಡ ಮಸಣದ ಅಸ್ಥಿಪಂಜರಗಳು. ನಮ್ಮ ಯಮ ಕೋಣವೇರಿ ಬಂದರೆ ಅವರ ಧರ್ಮರಾಜನಿಗೆ ಮುಖವೇ ಕೋಣನದು. ಕನ್ನಡ ಪ್ರೇಕ್ಷಕ ಅರ್ಧ ಕ್ಷಣದಲ್ಲಿ ಗುರುತು ಹಿಡಿಯುತ್ತಾನೆ. ಮುಖವಾಡವಿಲ್ಲದ ಕರಿ ಟೋಪಿಯ ನರ್ತಕರ ಹಿಂದೆ 9ನೇ ಶತಮಾನದ ಕಥೆಯಿದೆ: ಅಗಲ ತೋಳಿನ ಅಂಗಿಯೊಳಗೆ ಬಿಲ್ಲು ಅಡಗಿಸಿಕೊಂಡು ಬಂದ ಭಿಕ್ಷುವೊಬ್ಬ ಧರ್ಮದ್ರೋಹಿ ದೊರೆ ಲಾಂಗ್‌ದರ್ಮನನ್ನು ಕೊಂದನಂತೆ. ಕೇಡನ್ನೆಲ್ಲ ಒಂದು ಹಿಟ್ಟಿನ ಬೊಂಬೆಗೆ ಆವಾಹಿಸಿ ಅದನ್ನು ಕತ್ತರಿಸುತ್ತಾರೆ, ಕೊನೆಗೆ ದೊಡ್ಡ ತೋರ್ಮಾ, ಅಂದರೆ ಹಿಟ್ಟಿನ ನೈವೇದ್ಯದ ಗೋಪುರ, ಹೊರಗಿನ ಹುಲ್ಲಿನ ಬೆಂಕಿಗೆ ಬೀಳುತ್ತದೆ. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಈ ಭಯಂಕರ ಮುಖಗಳು ಯಾವುವೂ ದುಷ್ಟರದ್ದಲ್ಲ, ಎಲ್ಲ ಕಾಯುವವರದು.

ಮನೆಯೊಳಗಿನ ಆಟ ಇದಕ್ಕಿಂತ ಸೊಗಸು. ಆ ರಾತ್ರಿಯ ಊಟ ಗುಥುಕ್, ಒಂಬತ್ತು ಪದಾರ್ಥ ಬಿದ್ದ ಸಾರು. ಒಬ್ಬೊಬ್ಬರ ಬಟ್ಟಲಿಗೂ ಒಂದೊಂದು ದಪ್ಪ ಹಿಟ್ಟಿನುಂಡೆ. ಒಡೆದಾಗ ಒಳಗೆ ಮೆಣಸಿನಕಾಯಿ ಸಿಕ್ಕರೆ ಬಾಯಿಬಡುಕ, ಇದ್ದಿಲಾದರೆ ಮನಸ್ಸು ಕಪ್ಪು, ಉಣ್ಣೆಯಾದರೆ ಮೆದು ಹೃದಯ. ಇದ್ದಿಲು ಅತ್ತೆಗೆ ಬಂದರೆ ನಗು ತಡೆದುಕೊಳ್ಳಬೇಕಾದವರು ಯಾರೆಂದು ಹೇಳಬೇಕಿಲ್ಲ. ಉಳಿದ ಹಿಟ್ಟಿನ ಮುದ್ದೆಯನ್ನು ಮುಷ್ಟಿಯಲ್ಲಿ ಹಿಸುಕಿ ಬೆರಳಚ್ಚು ಮೂಡಿಸಿ, ನೋವಿರುವ ಮೊಣಕಾಲು, ಬೆನ್ನು, ಹೊಟ್ಟೆಗೆ ಒತ್ತಿ, ರೋಗವೆಲ್ಲ ನಿನಗೇ ಇರಲಿ ಎಂದು, ಮನೆಯಲ್ಲೂ ಮಾಡಿಟ್ಟ ಅಂಥದೇ ಹಿಟ್ಟಿನ ಬೊಂಬೆಯ ಪಕ್ಕಕ್ಕಿಡುತ್ತಾರೆ. ಬಟ್ಟಲಲ್ಲಿ ಬಿಟ್ಟ ಸಾರೂ ಅದಕ್ಕೇ. ಆಮೇಲೆ ಹುಲ್ಲಿನ ಪಂಜು ಹೊತ್ತಿಸಿ ಕೋಣೆ ಕೋಣೆ ಸುತ್ತಿ, “ಹೊರಡು, ಹೊರಡು” ಎಂದು ಕೂಗುತ್ತ ಎಲ್ಲವನ್ನೂ ದಾರಿಗಳು ಕೂಡುವಲ್ಲಿ ಬಿಟ್ಟು ಬರುತ್ತಾರೆ. ಮಗುವಿಗೆ ದೃಷ್ಟಿ ತೆಗೆದು ಮೂರುದಾರಿ ಕೂಡುವಲ್ಲಿ ಚೆಲ್ಲಿ ಬರುವ ಹಾನಗಲ್, ಹಳಿಯಾಳದ ಅಜ್ಜಿಯರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಅವರೂ ಹೇಳುವುದು ಅದನ್ನೇ: ಚೆಲ್ಲಿದ್ದನ್ನು ತುಳಿಯಬೇಡ, ತಿರುಗಿ ನೋಡಬೇಡ.

ಕುಳಗಿಯ ಕಾಡಿನ ಭಯಕ್ಕೆ ಮಾತ್ರ ಮುಖವಾಡ ಬೇಕಿಲ್ಲ, ಅದು ನಾಲ್ಕು ಕಾಲಿನಲ್ಲಿ ತಾನೇ ನಡೆದು ಬರುತ್ತದೆ. ಶಿರಸಿ, ಯಲ್ಲಾಪುರದ ಮಲೆನಾಡಿನಲ್ಲಿ ದೊಡ್ಡಹಬ್ಬದ ದಿನ, ಅಂದರೆ ದೀಪಾವಳಿಯಲ್ಲಿ, ಗೋಪೂಜೆ ಮುಗಿಸಿದ ರೈತರು ಹುಲಿಯಪ್ಪನಿಗೆ ಕಾಯಿ ಒಡೆಯುತ್ತಾರೆ. ಗಡಿಯಾಚೆ ಗೋವಾದ ಕಾಡೂರುಗಳಲ್ಲಿ ಅವನು ವಾಘ್ರೊ, ಮಹಾರಾಷ್ಟ್ರದಲ್ಲಿ ವಾಘೋಬಾ. ಇವನನ್ನು ಬಾ ಎಂದು ಕರೆಯುವವರೂ ಇಲ್ಲ, ಹೊರಡು ಎಂದು ಅಟ್ಟುವವರೂ ಇಲ್ಲ. ನಿನ್ನ ಕಾಡಲ್ಲಿ ನೀನಿರು, ಕೊಟ್ಟಿಗೆಯ ತಂಟೆಗೆ ಬರಬೇಡ ಎಂಬ ಕರಾರು, ಅಷ್ಟೆ. ವರ್ಷಕ್ಕೊಮ್ಮೆ ಅದರ ನವೀಕರಣ.

ಸರ್ಕಾರದ ಕರಾರು ಬೇರೆ. ದಾಂಡೇಲಿಯ ಕಾಡು 1956ರಲ್ಲಿ ಅಭಯಾರಣ್ಯವಾಯಿತು. 1987ರಲ್ಲಿ ಅದರ ಒಂದು ಭಾಗ ಅಣಶಿ ರಾಷ್ಟ್ರೀಯ ಉದ್ಯಾನ. 2007ರಲ್ಲಿ ಎರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿಯ ಹೆಸರು ಪಡೆದವು. ಒಳಗಿನ ಹಳ್ಳಿಗಳವರಿಗೆ ಸ್ವಯಂಪ್ರೇರಿತ ಸ್ಥಳಾಂತರದ ಯೋಜನೆ ಇದೆ. ಕುಟುಂಬಕ್ಕೆ 10 ಲಕ್ಷ ಇದ್ದ ಪರಿಹಾರ 2021ರಲ್ಲಿ 15 ಲಕ್ಷವಾಯಿತು. ಜೋಯಿಡಾದ ಕೆಲವು ಕುಟುಂಬಗಳು ಹಣ ಪಡೆದು ಕಾಡು ಬಿಟ್ಟಿವೆ, ಕೆಲವು ಒಲ್ಲೆನೆಂದು ಕೂತಿವೆ. ಹುಲಿ ಉಳಿಯಿತು, ಕಾಯಿ ಒಡೆಯುವವರು ಹೊರಟರು. ಹಾಗೆ ಹೋದವರು ಹಬ್ಬದ ದಿನ ಹಳೆಯ ದೇವರ ಕಲ್ಲಿಗೆ ಮರಳಿ ಬರುತ್ತಾರೋ, ಹೊಸ ಮನೆಯ ಹಿತ್ತಲಲ್ಲೇ ಒಂದು ಕಲ್ಲು ನಿಲ್ಲಿಸಿಕೊಂಡಿದ್ದಾರೋ, ಕಂಡುಬಲ್ಲ ಜೋಯಿಡಾ, ಹಳಿಯಾಳದ ಓದುಗರು ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಇದ್ದೇ ಇದೆ.