ಐವತ್ತು ರೂಪಾಯಿಯ ಕಾನೂನು, ಬಿಚ್ಚಿಬಿಟ್ಟ ನಾಯಿ

ನಾಯಿಯನ್ನು ಗಿಡ್ಡ ಸರಪಳಿಯಲ್ಲಿ ದಿನವಿಡೀ ಕಟ್ಟಿಹಾಕುವುದು ನಮ್ಮ ದೇಶದಲ್ಲಿ ಅಪರಾಧ. ಹೀಗೆಂದರೆ ಸ್ಟಾಫ್ ರೂಮಿನಲ್ಲೇ ನಗುವವರಿದ್ದಾರೆ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೇ ಸೆಕ್ಷನ್ ತೆರೆದು ನೋಡಿ. ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಮಿತಿಮೀರಿ ಹೊತ್ತು ಕಟ್ಟುವುದು ತಪ್ಪು. ಸದಾ ಕಟ್ಟಿಯೇ ಇಡುವ ನಾಯಿಗೆ ಓಡಾಟ ಕೊಡದಿರುವುದೂ ತಪ್ಪು. ದಂಡ ಎಷ್ಟು? ಮೊದಲ ಸಲಕ್ಕೆ 10ರಿಂದ 50 ರೂಪಾಯಿ! ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳ ತನಕ ಸಜೆ, ಇಲ್ಲವೇ ಎರಡೂ. ವಿಚಾರಿಸಲು ಬರುವ ಪೊಲೀಸ್ ಜೀಪಿನ ಡೀಸೆಲ್‌ಗೂ ಆ ಐವತ್ತು ರೂಪಾಯಿ ಸಾಲದು.

ಈ ಕಾನೂನಿನ ಖರ್ಚು ಎಲ್ಲಿ ಬೀಳುತ್ತದೆಂದು ನೋಡಲು ಕಲ್ಪೆಟ್ಟಕ್ಕಿಂತ ಒಳ್ಳೆಯ ಊರಿಲ್ಲ. ಕಾಸರಗೋಡಿನ ನಮಗೂ ವಯನಾಡಿನವರಿಗೂ ಸರಕಾರ ಒಂದೇ. ಗುಂಡ್ಲುಪೇಟೆಯಿಂದ ಕೋಝಿಕ್ಕೋಡಿಗೆ ಹೋಗುವ ಕನ್ನಡಿಗರಿಗೆ ಅದು ದಾರಿಯಲ್ಲಿ ಸಿಗುವ ಪೇಟೆ. ಪೇಟೆ ದಾಟಿದರೆ ಚಹಾ, ಕಾಫಿ ತೋಟ. ತೋಟ ದಾಟಿದರೆ ಕಾಡು. ಅಲ್ಲಿನ ಒಂಟಿ ಮನೆಗಳಿಗೆ ನಾಯಿಯೇ ರಾತ್ರಿಯ ಕಾವಲು. ಆದರೆ ಅಂಗಳದ ಮೂಲೆಯಲ್ಲಿ ಕಟ್ಟಿದ ನಾಯಿ ಚಿರತೆಗೆ ಬಡಿಸಿಟ್ಟ ಎಲೆ. ಓಡಲೂ ಆಗದು, ಕಾದಾಡಲೂ ಆಗದು. ಚಿರತೆ ಒಮ್ಮೆ ರುಚಿ ಕಂಡಿತೆಂದರೆ ಅರಣ್ಯ ಇಲಾಖೆ ಕ್ಯಾಮರಾ ಇಡಬೇಕು, ಬೋನು ತರಬೇಕು, ರಾತ್ರಿ ಗಸ್ತು ತಿರುಗಬೇಕು. ಮಕ್ಕಳನ್ನು ಬೆಳಗ್ಗೆ ಒಂಟಿಯಾಗಿ ಶಾಲೆಗೆ ಕಳಿಸಲು ತಾಯಂದಿರಿಗೆ ಧೈರ್ಯ ಸಾಲದು. ನಾಯಿ ಯಾರದೋ, ಸರಪಳಿ ಯಾರದೋ, ಖರ್ಚು ಮಾತ್ರ ಎಲ್ಲರದು.

ಹಾಗಾದರೆ ದಂಡ ಏರಿಸಿ, ಕಾನೂನು ಬಿಗಿ ಮಾಡಿ ಎನ್ನೋಣವೇ? ದಂಡ ಏರಲಿ, ನಮ್ಮ ತಕರಾರಿಲ್ಲ. ಆದರೆ ಬರೀ ಅಷ್ಟೇ ಮಾಡಿದರೆ ಏನಾಗುತ್ತದೆ? ಕಟ್ಟಿದ ನಾಯಿಗೆ ಯಜಮಾನ ಕಣ್ಣೆದುರೇ ಇದ್ದಾನೆ, ಅವನನ್ನು ಹಿಡಿಯುವುದು ಸುಲಭ. ರಾತ್ರಿ ಆಟೋದಲ್ಲಿ ತಂದು ಮೀನು ಮಾರ್ಕೆಟಿನ ಹಿಂದೆ ಬಿಟ್ಟುಹೋದ ನಾಯಿಗೆ ಯಜಮಾನ ಯಾರು? ಉಪವಾಸ ಬೀಳುವ ಹಾಗೆ ಪ್ರಾಣಿಯನ್ನು ತೊರೆಯುವುದೂ ಅದೇ 11ನೇ ಸೆಕ್ಷನ್ನಿನಲ್ಲಿ ಅಪರಾಧ, ದಂಡವೂ ಅದೇ. ಆದರೆ ಸಾಕ್ಷಿ ಹೇಳುವವರಿಲ್ಲ. ಹೆದರಿದವನು ನಾಯಿಗೆ ಗೂಡು ಕಟ್ಟಿಸುವುದಿಲ್ಲ, ಸರಪಳಿ ಬಿಚ್ಚಿ ಕೈತೊಳೆದುಕೊಳ್ಳುತ್ತಾನೆ.

ಆಮೇಲಿನ ಲೆಕ್ಕ ಮಾಸ್ತರರಾದ ನಮಗೆ ಚೆನ್ನಾಗಿ ಗೊತ್ತು. ಮಗುವಿಗೆ ನಾಯಿ ಕಚ್ಚಿದರೆ ಅದೇ ದಿನ, ಆಮೇಲೆ 3, 7, 28ನೇ ದಿನಗಳಲ್ಲಿ ಚುಚ್ಚುಮದ್ದು. ಗಾಯ ಆಳವಾಗಿದ್ದರೆ ಇಮ್ಯುನೊಗ್ಲೋಬುಲಿನ್ ಬೇರೆ. ಸರಕಾರಿ ಆಸ್ಪತ್ರೆಯಲ್ಲಿ ಮದ್ದು ಉಚಿತ, ಸರಿ. ನಾಲ್ಕು ದಿನದ ಕೂಲಿ ಬಿಟ್ಟು ಕರೆದೊಯ್ಯುವ ಅಮ್ಮನಿಗೆ ಅದು ಉಚಿತವೇ? ಮಗು ಕಳಕೊಂಡ ಪಾಠ ಯಾವ ಬಜೆಟ್ಟಿನಲ್ಲಿದೆ? 2025ರ ಏಪ್ರಿಲ್-ಮೇ ತಿಂಗಳಲ್ಲಿ ಲಸಿಕೆ ಹಾಕಿಸಿಕೊಂಡ ಮಕ್ಕಳೂ ಕೇರಳದಲ್ಲಿ ರೇಬೀಸ್‌ಗೆ ಬಲಿಯಾದರು. ಅಂದಿನಿಂದ ಹೆತ್ತವರಿಗೆ ಲಸಿಕೆಯ ಮೇಲೂ ಭರವಸೆ ಕುಂದಿದೆ.

ಕಟ್ಟಿದ ನಾಯಿಯನ್ನು ಬಿಡಿಸಿ ತಂದರೂ ಇಡುವುದೆಲ್ಲಿ? ಕಾಯಿದೆಯ 35ನೇ ಸೆಕ್ಷನ್ ಪ್ರಕಾರ ಹಾಗೆ ತಂದ ಪ್ರಾಣಿಯ ಸಾಗಾಟ, ಚಿಕಿತ್ಸೆ, ಊಟದ ಖರ್ಚನ್ನು ಜಿಲ್ಲಾ ಮ್ಯಾಜಿಸ್ಟ್ರೇಟ್ ಗೊತ್ತುಮಾಡಿದ ದರದಲ್ಲಿ ಯಜಮಾನ ಕೊಡಬೇಕು. ಬಡವನಾದರೆ ಮ್ಯಾಜಿಸ್ಟ್ರೇಟರು ಚಿಕಿತ್ಸೆಯ ಖರ್ಚಿನಿಂದ ವಿನಾಯಿತಿ ಕೊಡಬಹುದು. ನ್ಯಾಯವಾದ ಮಾತು. ಆಗ ಆ ಖರ್ಚು ಸಾರ್ವಜನಿಕರ ಹಣದಿಂದಲೇ ಹೋಗಬೇಕಲ್ಲ, ಅದನ್ನು ಯಾರೂ ಬರೆದಿಡುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2007ರಿಂದ ನಾಯಿಯನ್ನು ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಕಟ್ಟಿಹಾಕುವಂತಿಲ್ಲ. ಅಲ್ಲಿ ಇದಕ್ಕೆಂದೇ ಅಧಿಕಾರಿಗಳಿದ್ದಾರೆ, ನಾಯಿಗಳಿಗೆ ಆಶ್ರಯತಾಣಗಳಿವೆ. ನಮ್ಮಲ್ಲಿ ಗಡಿಯಾರ ಹಿಡಿದು ಅಂಗಳದಲ್ಲಿ ಕೂರುವವರು ಯಾರು? ಪಂಚಾಯತ್ ಸೆಕ್ರೆಟರಿಯೇ?

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಗೆ ಬೇಲಿ ಹಾಕಿ, ಅಲ್ಲಿನ ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಮತ್ತು ಲಸಿಕೆ ಮಾಡಿಸಿ ಆಶ್ರಯತಾಣಕ್ಕೆ ಸೇರಿಸಬೇಕೆಂದು ಆದೇಶಿಸಿತು. ಕೇಳಲು ಹಿತವಾಗಿದೆ. ಕೇರಳದಲ್ಲಿ ಸಂತಾನಹರಣದ ಕೆಲಸವನ್ನು ಹಲವು ಕಡೆ ಕುಟುಂಬಶ್ರೀಯ ಮಹಿಳೆಯರು ಮಾಡುತ್ತಿದ್ದರು. ಬೇಕಾದ ಮಾನ್ಯತೆ ಇಲ್ಲವೆಂದು 2021ರಲ್ಲಿ ಹೈಕೋರ್ಟು ಅದನ್ನು ನಿಲ್ಲಿಸಿತು. ತಪ್ಪು ಕೋರ್ಟಿನದೆಂದು ನಾವು ಹೇಳುತ್ತಿಲ್ಲ. ಆದರೆ ನಿಂತ ಕೆಲಸವನ್ನು ಇನ್ನೊಬ್ಬರು ಮಾಡಬೇಕಾದರೆ ವೈದ್ಯರು ಬೇಕು, ಕಟ್ಟಡ ಬೇಕು, ದುಡ್ಡು ಬೇಕು.

ಸರಪಳಿಯ ವಿರುದ್ಧದ ಕಾನೂನು ಬೇಕೇ ಬೇಕೆನ್ನುವವರು ನಾವು. ಕಟ್ಟಿ ಕಟ್ಟಿ ಹುಚ್ಚೆದ್ದ ನಾಯಿ ಒಂದು ದಿನ ತಪ್ಪಿಸಿಕೊಂಡರೆ ಮೊದಲು ಸಿಗುವುದು ಬ್ಯಾಗು ಹೊತ್ತ ಮಗುವೇ. ನಮ್ಮ ಒತ್ತಾಯ ಇಷ್ಟೇ: ಕಾನೂನಿನ ಪಕ್ಕದಲ್ಲಿ ಅದರ ಬೆಲೆಯನ್ನೂ ಬರೆಯಿರಿ. ಅಂಗಳದಲ್ಲಿ ಎರಡು ಕಂಬಗಳ ನಡುವೆ ಉದ್ದ ತಂತಿ ಎಳೆದು ಸರಪಳಿ ಅದರ ಮೇಲೆ ಜಾರುವಂತೆ ಮಾಡಿದರೆ ನಾಯಿಗೆ ಹಗಲು ಓಡಾಟ ಸಿಗುತ್ತದೆ. ರಾತ್ರಿಗೆ ಗಟ್ಟಿ ಕಬ್ಬಿಣದ ಬಲೆಯ ಗೂಡಿದ್ದರೆ ಚಿರತೆಯಿಂದಲೂ ರಕ್ಷಣೆ. ತೋಟದ ಕೂಲಿಯವನಿಗೆ ಐವತ್ತು ರೂಪಾಯಿ ದಂಡ ಹಾಕುವುದಕ್ಕಿಂತ ಆ ಗೂಡಿಗೆ ಸಹಾಯಧನ ಕೊಟ್ಟರೆ ಊರಿಗೆ ಲಾಭ. ಕೇರಳದ ಪಂಚಾಯತುಗಳಲ್ಲಿ ನಾಯಿಗೆ ಲೈಸೆನ್ಸ್ ಬೇಕೆಂಬ ನಿಯಮ 1998ರಿಂದ ಇದೆ. ಲೈಸೆನ್ಸ್ ಕೊಡುವ ದಿನವೇ ಲಸಿಕೆ ಹಾಕಿ, ನಾಯಿಯನ್ನು ಎಲ್ಲಿ ಕಟ್ಟುತ್ತೀರೆಂದು ಕೇಳಿ ಬರೆದುಕೊಳ್ಳಲು ಅಡ್ಡಿಯೇನು? ಸಾಕಲಾಗದವರು ನಾಯಿಯನ್ನು ತಂದೊಪ್ಪಿಸಲು ಬ್ಲಾಕಿಗೊಂದು ಜಾಗವೂ ಇರಲಿ. ಒಪ್ಪಿಸಿದವರಿಗೆ ದಂಡ ಬೇಡ.

ಮುಂದಿನ ಗ್ರಾಮಸಭೆಗೆ ಶಾಲಾ ರಕ್ಷಕ-ಶಿಕ್ಷಕ ಸಂಘಗಳವರು ಒಟ್ಟಾಗಿ ಹೋಗಿ ಒಂದು ಪ್ರಶ್ನೆಯನ್ನಾದರೂ ಕೇಳಿ: ಈ ವರ್ಷದ ಯೋಜನೆಯಲ್ಲಿ ನಾಯಿಗಳಿಗೆಂದು ಎಷ್ಟು ಹಣ ಇಟ್ಟಿದ್ದೀರಿ, ಅದರಲ್ಲಿ ಖರ್ಚಾದದ್ದೆಷ್ಟು?